ಎಡಗಡೆ ಹರವಿದ ಮೆಕ್ಕೆಜೋಳ

ನಮ್ಮ ಕಡೆ ಎಂಟನೇ ಕ್ಲಾಸು ಅಂದರೆ ಸೈಕಲ್ಲು ಅಂತಲೇ ಅರ್ಥವಿದ್ದ ದಿನಗಳವು. ಸರ್ಕಾರ ಕೊಡುವ ಸೈಕಲ್ಲಿಗೆ ನಾವು ಏಳನೇ ಕ್ಲಾಸಿನಿಂದಲೇ ಕಾಯುತ್ತಿದ್ದೆವು. ನನಗೂ ರೇಣುಕಳಿಗೂ ಒಂದೇ ದಿನ ಸಿಕ್ಕಿತು. ಅವಳ ಮನೆ ನಮ್ಮ ಮನೆಯಿಂದ ಮೂರನೆಯದು. ಬಿಳಿಚೋಡಿನಲ್ಲಿ ಹೈಸ್ಕೂಲು, ಇಬ್ಬರೂ ಜೊತೆಯಲ್ಲೇ ಹೋಗುವುದು, ಜೊತೆಯಲ್ಲೇ ಬರುವುದು. ಹೊಸ ರಬ್ಬರಿನ ವಾಸನೆ ಹೋಗಿಬಿಡುತ್ತದೆ ಅಂತ ನಾನು ಸೀಟಿನ ಪ್ಲಾಸ್ಟಿಕ್ಕನ್ನು ಒಂದು ತಿಂಗಳು ಕೀಳಲೇ ಇಲ್ಲ.

ಸೈಕಲ್ ಕೊಟ್ಟ ದಿನ ಪೊಲೀಸಿನವರೊಬ್ಬರು ಬಂದು ಪಾಠ ಮಾಡಿದರು. ಎಡಗಡೆಯೇ ಹೋಗಬೇಕು, ತಿರುಗುವಾಗ ಕೈ ತೋರಿಸಬೇಕು, ಹಿಂದೆ ಯಾರನ್ನೂ ಕೂರಿಸಿಕೊಳ್ಳಬಾರದು, ಬೆಲ್ಲು ಬ್ರೇಕು ಸರಿ ಇರಬೇಕು. ನಾವೆಲ್ಲ ಬಿಸಿಲಿಗೆ ಆಕಳಿಸುತ್ತಾ ಕೂತಿದ್ದರೆ ರೇಣುಕ ಎದ್ದು ನಿಂತಳು.

"ಸಾರ್, ಸೈಕಲ್ಲಿಗೆ ಎಷ್ಟು ಸ್ಪೀಡು ಲಿಮಿಟ್ಟು?"

ಅವರು ನಕ್ಕರು. "ಮೀಟ್ರೇ ಇಲ್ಲದ ಗಾಡಿಗೆ ಲಿಮಿಟ್ಟು ಹೆಂಗೆ ಹಾಕಾಕೆ ಬರ್ತೈತವ್ವ? ನಿನ್ನ ಕಾಲಾಗೆ ಎಷ್ಟು ಕಸುವು ಐತೋ ಅಷ್ಟು ತುಳಿ. ಎಡಗಡೆ ಮಾತ್ರ ಬಿಡಬ್ಯಾಡ."

ಅಲ್ಲಿಂದ ಶುರುವಾಯಿತು ನೋಡಿ ಇವಳ ಕಾಟ. ಊರ ಮುಂದಿನ ಡಾಂಬರು ರಸ್ತೆಯಲ್ಲಿ ಸೀಮೆಸುಣ್ಣದ ಗೆರೆ ಎಳೆದು, ತಾನೇ ಪೊಲೀಸಾಗಿ, ಬಾಯಲ್ಲೇ ಸೀಟಿ ಊದಿ ನಮ್ಮನ್ನು ನಿಲ್ಲಿಸುತ್ತಿದ್ದಳು. ಗೆರೆ ದಾಟಿದವರಿಗೆ ಒಂದು ಬೊಗಸೆ ಖಾರ ಮಂಡಕ್ಕಿ ದಂಡ. ನನ್ನ ಮಂಡಕ್ಕಿಯೆಲ್ಲ ಅವಳ ಹೊಟ್ಟೆಗೇ ಹೋಯಿತು. "ನೀನೇನು ಎಸ್ಪಿ ಮಗಳೇನೇ?" ಅಂತ ರೇಗುತ್ತಿದ್ದೆ. ಅವಳು ಅಗಿಯುತ್ತಲೇ, "ರೂಲ್ಸು ಅಂದ್ರೆ ರೂಲ್ಸು ಕಣೇ" ಅನ್ನುತ್ತಿದ್ದಳು.

ದಸರಾ ಕಳೆದು ಮೆಕ್ಕೆಜೋಳದ ಸುಗ್ಗಿ ಬಂತು. ನಮ್ಮಲ್ಲಿ ಕಣ ಅಂದರೆ ರಸ್ತೆಯೇ. ಮಷಿನ್ನಿಗೆ ಹಾಕಿ ಬಿಡಿಸಿದ ಕಾಳನ್ನು ಡಾಂಬರಿನ ಅರ್ಧಕ್ಕೆ ಹರವಿ, ಗಾಡಿಗಳು ಹತ್ತದಿರಲಿ ಅಂತ ಅಂಚಿಗೆ ಸಾಲಾಗಿ ಕಲ್ಲು ಇಡುತ್ತಿದ್ದರು. ಯಾರೂ ಅದನ್ನು ತಪ್ಪು ಅಂದುಕೊಂಡಿರಲಿಲ್ಲ. ಬಿಸಿ ಡಾಂಬರಿನ ಮೇಲೆ ಕಾಳು ಕಾಯುವ ಸಿಹಿ ವಾಸನೆ ಊರೆಲ್ಲ ತುಂಬಿರುತ್ತಿತ್ತು. ನಮ್ಮ ಪಾಲಿನ ಜಾಗ ತಿರುವಿನ ಹತ್ತಿರ, ಬಿಳಿಚೋಡಿನಿಂದ ಬರುವವರ ಎಡಗಡೆಗೆ. ಪಕ್ಕದ ಮಣ್ಣಿನ ದಾರಿಯ ಮೇಲೆ ಕಾಳು ಬಿಡಿಸಿದ ತೆನೆಗಳ ಬೆಂಡಿನ ರಾಶಿ. ಆ ಶನಿವಾರ ನಾನು ಸ್ಕೂಲು ತಪ್ಪಿಸಿ, ಕೋಲು ಹಿಡಿದು ಆಡು ಕಾಯುತ್ತಾ ಕೂತಿದ್ದೆ. ಹಿಂದಿನ ದಿನ ಯಾರೋ ಕಾಳು ತುಳಿದು ಹೋಗಿದ್ದಕ್ಕೆ ಅಪ್ಪ ನನಗೆ ಎರಡು ಬಿಟ್ಟಿದ್ದರು. ಆ ಸಿಟ್ಟು ಇನ್ನೂ ಇತ್ತು.

ಸ್ಕೂಲು ಬಿಟ್ಟು ರೇಣುಕ ಒಬ್ಬಳೇ ಬಂದಳು. ಕಲ್ಲಿನ ಸಾಲಿನ ಹತ್ತಿರ ಕಾಲು ಕೊಟ್ಟು ನಿಂತು, "ಸ್ವಲ್ಪ ಕಾಳು ಸರಿಸೇ, ಸೈಕಲ್ ತಳ್ಕಂಡು ಹೋಗ್ತೀನಿ" ಅಂದಳು.

"ಒಂದು ಕಾಳು ತುಳಿದ್ರೂ ಸುಮ್ಕಿರಲ್ಲ. ಆ ಕಡೆಯಿಂದ ಹೋಗು."

"ಆ ಕಡೆ ರಾಂಗ್ ಸೈಡು ಕಣೇ. ತಿರುವು ಬೇರೆ ಐತೆ."

"ಎಲ್ಲಾರೂ ಹೋಗ್ತಿಲ್ಲೇನು? ನಿನಗೊಬ್ಬಳಿಗೇ ಏನು ರೂಲ್ಸು?" ಅಂತ ಕೋಲನ್ನು ಅವಳ ಮುಂದಿನ ಚಕ್ರಕ್ಕೆ ಅಡ್ಡ ಹಿಡಿದೆ. ಆಡು ಓಡಿಸುವ ಕೋಲು ಅದು.

ಅವಳು ನನ್ನ ಮುಖ ನೋಡಿದಳು. ಬೇಜಾರಾಗಿತ್ತು ಅವಳಿಗೆ. ಆಮೇಲೆ ಬಲಗಡೆಗೆ ಹೋದಳು. ತಿರುವು ಬರುವ ಮೊದಲೇ ಬೆಲ್ಲು ಒತ್ತಿದಳು, ಮತ್ತೊಮ್ಮೆ ಒತ್ತಿದಳು. ಆ ಕಡೆಯಿಂದ ಮೂಟೆ ತುಂಬಿದ ಟೆಂಪೋ ಬಂತು. ನಾನು ಎದ್ದು ಓಡುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಪೊಲೀಸರು ಬರುವುದರೊಳಗೆ ಅಪ್ಪ ಅವ್ವ ಕಾಳು ಬಾಚಿ ಚೀಲಕ್ಕೆ ತುಂಬಿದರು, ಕಲ್ಲುಗಳನ್ನು ಜಾಲಿ ಬೇಲಿಯಾಚೆ ಎಸೆದರು. ಅವ್ವ ನನ್ನ ರಟ್ಟೆ ಹಿಡಿದು, "ನೀನು ಮನೆಯಾಗಿದ್ದೆ. ಏನೂ ನೋಡಿಲ್ಲ" ಅಂದಳು. ಹುಡುಗಿ ರಾಂಗ್ ಸೈಡಿಗೆ ಬಂದಳು ಅಂತ ಡ್ರೈವರ್ ಹೇಳಿದ. ಅದು ಸುಳ್ಳೇನೂ ಅಲ್ಲ. ಹಾಗೇ ಬರೆದುಕೊಂಡರು. ಸೋಮವಾರ ಪ್ರಾರ್ಥನೆಯಲ್ಲಿ ಮೇಷ್ಟ್ರು ನಮಗೆಲ್ಲ, "ನಿಯಮ ಮುರಿದ್ರೆ ಹಿಂಗಾಗ್ತೈತೆ" ಅಂದರು. ಸಾಲಿನಲ್ಲಿ ನನ್ನ ಪಕ್ಕ ಅವಳ ಜಾಗ ಖಾಲಿ ಇತ್ತು. ನಾನು ಬಾಯಿ ಬಿಡಲಿಲ್ಲ.

ಈಗಲೂ ಹೊಸ ಮೆಕ್ಕೆಜೋಳದ ವಾಸನೆ ಬಂದರೆ ಕಿಟಕಿ ಮುಚ್ಚಿಬಿಡುತ್ತೇನೆ. ರಸ್ತೆಯಲ್ಲಿ ಕಾಳು ಹರವಿದ್ದು ಕಂಡರೆ ಸ್ಕೂಟಿ ನಿಲ್ಲಿಸಿ ಇಳಿದು ತಳ್ಳುತ್ತೇನೆ. ಹಿಂದೆ ಎಲ್ಲೋ ಎರಡು ಸಲ ಬೆಲ್ಲು ಕೇಳುತ್ತದೆ. ತಿರುಗಿ ನೋಡುವುದನ್ನು ಬಿಟ್ಟು ಬಹಳ ವರ್ಷವಾಯಿತು.

ರೇಣುಕಳ ಅವ್ವ ತಿಪ್ಪಮ್ಮತ್ತೆ ಮಾತ್ರ ಅವತ್ತಿನಿಂದ ಒಂದು ರೂಢಿ ಮಾಡಿಕೊಂಡರು. ಸೈಕಲ್ಲಿನಲ್ಲಿ ಯಾವ ಮಗು ಹೋದರೂ ಬಾಗಿಲಿಗೆ ಬಂದು, "ಎಡಗಡೆ ಹೋಗಪ್ಪಾ. ನಮ್ಮ ರೇಣಿಗೆ ಎಡ ಬಲ ತಿಳೀಲಿಲ್ಲ" ಅನ್ನುತ್ತಿದ್ದರು. ತವರಿಗೆ ಬಂದಾಗಲೆಲ್ಲ ಈ ಮಾತು ನನ್ನ ಕಿವಿಗೆ ಬೀಳುತ್ತಿತ್ತು. ಇಡೀ ಊರಿಗೆ ಎಡ ಕಲಿಸಿದವಳ ಬಗ್ಗೆ ಈ ಮಾತು.

ಅಪ್ಪ ತೀರಿಕೊಂಡ ಮೇಲೆ, ಹೋದ ದಸರಾಕ್ಕೆ ತಿಪ್ಪಮ್ಮತ್ತೆಯ ಮನೆಗೆ ಹೋದೆ. ಅವರು ಶೇಂಗಾಕಾಯಿ ಬಿಡಿಸುತ್ತಿದ್ದರು. ಕೋಲು ಅಡ್ಡ ಹಿಡಿದದ್ದರಿಂದ ಹಿಡಿದು ಕಲ್ಲು ಎಸೆದದ್ದರವರೆಗೆ ಎಲ್ಲ ಹೇಳಿದೆ. ಬೈಯಲಿ, ಹೊಡೆಯಲಿ ಅಂತಲೇ ಹೋಗಿದ್ದೆ.

ಅತ್ತೆ ಕೈಯಲ್ಲಿದ್ದ ಕಾಳನ್ನು ಮೊರಕ್ಕೆ ಹಾಕಿ ಕೇಳಿದರು. "ಅವಳು ಏನಂದ್ಲು? ಆ ಮಾತು ಇನ್ನೊಂದು ಸಲ ಹೇಳು."

"'ಆ ಕಡೆ ರಾಂಗ್ ಸೈಡು ಕಣೇ' ಅಂದ್ಲು ಅತ್ತೆ."

"ಹಂಗಾರೆ ಗೊತ್ತಿತ್ತು ಅವಳಿಗೆ."

"ನನಗಿಂತ ಚೆಂದಾಗಿ ಗೊತ್ತಿತ್ತು."

ಮತ್ತೆ ಕೇಳಿದರು, ಮತ್ತೆ ಹೇಳಿದೆ. ಮೂರನೇ ಸಲವೂ ಹೇಳಿಸಿದರು. ಅವರು ಮೊರ ಬದಿಗಿಟ್ಟು, ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನನ್ನನ್ನು ಕ್ಷಮಿಸಿದರೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ. ಗೆಳತಿ ಒಂದೇ ದಿನದಲ್ಲಿ ಹೋದಳು. ಆದರೆ ಅವಳದ್ದೇ ತಪ್ಪು ಅಂದುಕೊಂಡು ಆ ತಾಯಿ ಅತ್ತ ವರ್ಷಗಳಿವೆಯಲ್ಲ, ಅವಕ್ಕೆ ಕಾರಣ ನಾನು.

ಮರುದಿನ ಬೆಳಿಗ್ಗೆ ನನ್ನ ಮಗ ಸೈಕಲ್ ತುಳಿದುಕೊಂಡು ಅವರ ಮನೆ ಮುಂದೆ ಹೋದ. ನಾನು ನಮ್ಮ ಕಟ್ಟೆಯ ಮೇಲೆ ಕೂತು ಅವರ ಬಾಗಿಲನ್ನೇ ನೋಡುತ್ತಿದ್ದೆ. ತಿಪ್ಪಮ್ಮತ್ತೆ ಎಂದಿನಂತೆ ಬಾಗಿಲಿಗೆ ಬಂದರು.

"ಎಡಗಡೆ ಹೋಗಪ್ಪಾ" ಅಂದರು. ಮುಂದಿನ ಮಾತು ಅನ್ನಲಿಲ್ಲ.