ಎದುರಾಳಿ ನಾಯಕನ ಶೂ ಲೇಸು

"ಇನ್ನೊಂದು ನಿಮಿಷ. ಕನಿಷ್ಠ ಏಳು ಜನ ಆಗ್ಲಿಲ್ಲ ಅಂದ್ರೆ ಮ್ಯಾಚ್ ಅವರಿಗೆ ಕೊಟ್ಬಿಡ್ತೀನಿ" ಎಂದು ರೆಫರಿ ಗಡಿಯಾರ ನೋಡಿದಾಗ ಮೈದಾನದಲ್ಲಿ ನಾವಿದ್ದದ್ದು ಆರೇ ಜನ. ಉಳಿದವರು ಫ್ಯಾಕ್ಟರಿ ಬಸ್ಸಿನಲ್ಲಿ ಹಳೇ ಮದ್ರಾಸ್ ರಸ್ತೆಯ ಟ್ರಾಫಿಕ್ಕಿಗೆ ಸಿಕ್ಕಿಕೊಂಡಿದ್ದರು. ಕೇಳೋಣವೆಂದರೆ ಆಗ ಮೊಬೈಲೂ ಇರಲಿಲ್ಲ. ಫುಟ್‌ಬಾಲ್ ಲೀಗ್‌ನ ಕೊನೆಯ ಪಂದ್ಯ. ಸೋತ ತಂಡ ಕೆಳಗಿನ ಡಿವಿಷನ್ನಿಗೆ ಇಳಿಯಬೇಕು. ನಾಯಕನಾಗಿದ್ದ ನನಗೆ ಅಳುವೇ ಬಂದಿತ್ತು.

ಆಗ ಎದುರಾಳಿ ನಾಯಕ, ಹಲಸೂರಿನ ನಡುವಯಸ್ಸಿನ ಮೆಕ್ಯಾನಿಕ್, ಮೈದಾನದ ನಟ್ಟನಡುವೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟರು. "ನಮ್ದೂ ರೆಡಿ ಇಲ್ಲ ಸಾರ್, ಲೇಸ್ ಕಿತ್ತೋಯ್ತು" ಎಂದವರೇ ಎರಡೂ ಶೂ ಬಿಚ್ಚಿ, ಮುತ್ತು ಪೋಣಿಸುವವರ ಹಾಗೆ ಒಂದೊಂದೇ ತೂತಿಗೆ ಲೇಸು ತೂರಿಸತೊಡಗಿದರು! ಅವರ ತಂಡದವರೇ ತಮಿಳಿನಲ್ಲಿ ಬೈದರು. ಅವರು ತಲೆ ಎತ್ತಲಿಲ್ಲ.

ಅಷ್ಟರಲ್ಲಿ ಗೇಟಿನ ಕಡೆಯಿಂದ ಕೂಗು. ನಮ್ಮ ಐವರು ಖಾಕಿ ಯೂನಿಫಾರ್ಮಿನಲ್ಲೇ, ಶೂಗಳನ್ನು ಕೊರಳಿಗೆ ನೇತುಹಾಕಿಕೊಂಡು ಓಡಿ ಬರುತ್ತಿದ್ದರು! ಆಮೇಲೆ ಎರಡೂ ತಂಡಗಳು ಜೀವದ ಹಂಗು ತೊರೆದು ಆಡಿದವು. ಕೊನೇ ಗಳಿಗೆಯಲ್ಲಿ ಕಾರ್ನರಿನಿಂದ ಹಾರಿಬಂದ ಚೆಂಡಿಗೆ ನಾನು ತಲೆ ಕೊಟ್ಟೆ. ಗೋಲ್! ಪಂದ್ಯದ ಒಂದೇ ಒಂದು ಗೋಲು!

ಆ ನಾಯಕರ ಕೈಕುಲುಕುವಾಗ ತಲೆ ತಗ್ಗಿಸಿ ಅವರ ಶೂ ನೋಡಿದೆ. ಎರಡೂ ಲೇಸುಗಳು ಹಳೆಯವೇ, ಎಲ್ಲೂ ಕಿತ್ತಿರಲಿಲ್ಲ. ಆ ವರ್ಷ ಕೆಳಗಿಳಿದದ್ದು ಅವರ ತಂಡ.

ಈಗ ನಾನು ಬಾಣಸವಾಡಿಯ ಒಂದು ತಂಡಕ್ಕೆ ಕೋಚ್. ಎದುರು ತಂಡಕ್ಕೆ ಜನ ಕಡಿಮೆ ಬಿದ್ದ ದಿನ ನಮ್ಮ ನಾಯಕನ ಲೇಸು ತಪ್ಪದೇ ಕಿತ್ತುಹೋಗುತ್ತದೆ.