ದೂರದಿಂದಲೇ ಕಾಣಬೇಕಾದ ತಗ್ಗು

ಯಾರನ್ನಾದರೂ ಅಣಕಿಸುವಾಗ ನಾನು ಇಡೀ ಮನುಷ್ಯನನ್ನು ಹೊತ್ತು ತರುವುದಿಲ್ಲ. ಚಿಕ್ಕೋಡಿಯ ನಮ್ಮ ಕಾಲೇಜಿನ ಸರ್ ಬೇಕೆಂದರೆ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಒಂದು ‘ಹಂ’ ಎಂದರೆ ಸಾಕು, ಮಿಕ್ಕದ್ದನ್ನು ನೋಡುವವರೇ ತುಂಬಿಕೊಳ್ಳುತ್ತಾರೆ. ನನ್ನನ್ನು ಅಣಕಿಸುವುದು ಇನ್ನೂ ಸುಲಭ: ಎರಡೂ ಕಿವಿಗಳನ್ನು ಮುಂದಕ್ಕೆ ಬಗ್ಗಿಸಿದರಾಯಿತು.

ಕೊನೆಯ ವರ್ಷದ ಪ್ರಾಜೆಕ್ಟಿಗೆ ಆರಿಸಿಕೊಂಡದ್ದೂ ಇದೇ ಜಾತಿಯ ಕೆಲಸ. ಉಗಾರ ಬುದ್ರುಕದ ಹೊಳೆದಂಡೆಯ ನೆಲವನ್ನು ಕಂಪ್ಯೂಟರಿನೊಳಗೆ ಕಟ್ಟಿ ಅದರ ಮೇಲೆ ಹಕ್ಕಿಯಂತೆ ಹಾರಾಡಬೇಕು. ಪರದೆಯ ಮೇಲಿನ ನೆಲವೆಂದರೆ ಬರೀ ತ್ರಿಕೋನಗಳ ಹಾಸು. ಎಲ್ಲವನ್ನೂ ಸಣ್ಣದಾಗಿ ಬಿಡಿಸು ಎಂದರೆ ನನ್ನ ಹಳೆಯ ಲ್ಯಾಪ್‌ಟಾಪ್ ಕಬ್ಬು ಹೇರಿದ ಟ್ರ್ಯಾಕ್ಟರಿನಂತೆ ಏದುಸಿರು ಬಿಡುತ್ತಿತ್ತು. ಹಾಗಾಗಿ ಹತ್ತಿರದ ನೆಲಕ್ಕೆ ಸಣ್ಣ ತ್ರಿಕೋನ, ದೂರದ್ದಕ್ಕೆ ದೊಡ್ಡದು. ನಾವು ಸಮೀಪಿಸಿದಂತೆ ದೊಡ್ಡದು ಒಡೆದು ಸಣ್ಣದಾಗುತ್ತದೆ.

ಅವ್ವನ ತಂಗಿ, ನನ್ನ ಮಾವಶಿ, ಅದೇ ಊರಿನಲ್ಲಿ ಎಮ್ಮೆ ಸಾಕಿದ್ದಾಳೆ. ಮಳೆಗಾಲದಲ್ಲಿ ಕೃಷ್ಣೆ ಏರಿದರೆ ಅವುಗಳನ್ನು ದಿಬ್ಬಕ್ಕೆ ದಾಟಿಸಬೇಕು. ಹಳೆಯ ದಾರಿ ಈಗ ಕಬ್ಬಿನ ಹೊಲದೊಳಗೆ ಸೇರಿಹೋಗಿತ್ತು. ಉಳಿದದ್ದು ಎರಡೇ: ಹೊಲಗಳ ನಡುವೆ ಹೊಸದಾಗಿ ಆದ ಹತ್ತಿರದ ಮಣ್ಣುದಾರಿ, ಇಲ್ಲವೇ ಕಾಲುವೆ ಏರಿಯ ಮೇಲಿನ ಸುತ್ತುದಾರಿ. ನೆರೆ ಬಂದಾಗ ಯಾವುದು ಮುಳುಗದೆ ಉಳಿಯುತ್ತದೆ? ಮಾವಶಿಗೆ ಅದೊಂದೇ ಚಿಂತೆ. ಸಿವಿಲ್ ವಿಭಾಗದ ಗೆಳೆಯನೊಡನೆ ಎರಡೂ ದಾರಿಗಳ ಎತ್ತರ ಅಳೆದು, ಲ್ಯಾಪ್‌ಟಾಪಿಗೆ ತುಂಬಿಕೊಂಡು ಅವಳ ಪಡಸಾಲೆಯಲ್ಲಿ ಕುಳಿತೆ.

ಪರದೆಯ ಮೇಲೆ ನೀರೇರಿಸಿದೆ. ಪರದೆಯೊಳಗಿನ ಮನೆಯ ಬಾಗಿಲಿಂದ ನೋಡಿದರೆ ಹತ್ತಿರದ ದಾರಿ ಒಣಗಿ ನೆಟ್ಟಗೆ ಮಲಗಿತ್ತು. ಮಾವಶಿಯ ಗಂಡ ಮೀಸೆಗೆ ಕೈಹಾಕಿದ.

“ನೋಡ, ನಾ ಹೇಳಿದ್ನಿಲ್ಲ? ಸುತ್ತ ಹಾಕೂದ ಯಾಕ ಬೇಕ?”

ನಾನು ಥೇಟ್ ಮಾವಶಿಯ ದನಿಯಲ್ಲಿ “ಹೈಕ್, ನಡೀ ಬೇ, ಮಹಾರಾಣಿ!” ಎಂದು ಇಲ್ಲದ ಎಮ್ಮೆಯನ್ನು ಹೊಡೆದುಕೊಂಡು ಆ ದಾರಿಯಲ್ಲೇ ಮುಂದೆ ಸಾಗಿದೆ. ಅರ್ಧ ದಾರಿಗೆ ನೆಲ ಪಟ್ಟನೆ ಕುಸಿದು ಎದುರಿಗೆ ನೀಲಿ ನೀರು ನಿಂತಿತು.

“ಅಯ್ಯ ಶಿವನ! ಈ ತಗ್ಗು ಈಗ ಎಲ್ಲಿಂದ ಬಂತಲೇ?”

“ಮೊದ್ಲಿಂದೂ ಐತಿ ಮಾವಶಿ. ಹತ್ರ ಹೋದ್ರ ಅಷ್ಟ ಕಾಣ್ತೈತಿ. ಕಂಪ್ಯೂಟರಿಗೆ ಭಾರ ಆಗಬಾರ್ದಂತ…”

“ಎಮ್ಮಿ ನೀರಾಗ ಇಳದ ಮ್ಯಾಲ ತೋರಸ್ತೈತೇನ? ನಿಮ್ಮ ಕಾಕಾನೂ ಹಿಂಗ. ಎಲ್ಲಾ ಮುಗದ ಮ್ಯಾಲ ಶಾಣ್ಯಾ ಆಗ್ತಾನ.”

ಕಾಕಾ ಮೀಸೆಯಿಂದ ಕೈ ತೆಗೆದ.

ನನ್ನ ಪ್ರೋಗ್ರಾಮಿನ ಮಟ್ಟಿಗೆ ಸೊಂಟದಷ್ಟು ಆಳದ ತಗ್ಗು ದೂರದಿಂದ ಏನೂ ಅಲ್ಲ, ಒಂದು ದೊಡ್ಡ ತ್ರಿಕೋನದಡಿ ಮುಚ್ಚಿಹೋಗಿತ್ತು. ಅದೇ ಹೊತ್ತಿಗೆ, ಸರ್‌ಗೆ ಚಂದ ಕಾಣಲಿ ಎಂದು ದಿಬ್ಬದ ಒಂದೊಂದು ಕಲ್ಲನ್ನೂ ಕೆತ್ತಿ ಕೂರಿಸಿದ್ದೆ. ‘ಹಂ’ ಬಿಟ್ಟು ಅಂಗಿಯ ಗುಂಡಿಗಳನ್ನಷ್ಟೇ ಅಣಕಿಸಿದಂತಾಗಿತ್ತು. ದೂರವೊಂದನ್ನೇ ನೋಡಿದರೆ ಸಾಲದು, ನೀರಿನ ಮಟ್ಟವನ್ನೂ ನೋಡಬೇಕಿತ್ತು. ನೀರಂಚಿನ ಸುತ್ತಮುತ್ತಲ ನೆಲ ಎಷ್ಟೇ ದೂರವಿರಲಿ, ಅಲ್ಲಿನ ಸಣ್ಣ ತ್ರಿಕೋನಗಳನ್ನು ಕೂಡಿಸಿ ದೊಡ್ಡದು ಮಾಡಬಾರದು ಎಂದು ಪ್ರೋಗ್ರಾಮಿಗೆ ಹೊಸ ಕಟ್ಟಳೆ ಹಾಕಿದೆ. ಆ ಭಾರ ಸರಿದೂಗಿಸಲು ಕಲ್ಲುಗಳನ್ನು ತೆಗೆದುಹಾಕಿದೆ. ದಿಬ್ಬ ಮುದ್ದೆಯಂತಾಯಿತು, ಆಗಲಿ. ಮರುವಾರ ಪರದೆಯೊಳಗಿನ ಬಾಗಿಲಲ್ಲೇ ನಿಂತು ನೋಡಿದರೆ ಹತ್ತಿರದ ದಾರಿಯ ತಗ್ಗು ನೀಲಿಯಾಗಿ ಕಾಣುತ್ತಿತ್ತು. ಕಾಲುವೆ ಏರಿ ಕೊನೆಯವರೆಗೂ ಒಣಗಿತ್ತು.

“ಇದ ದಾರಿ,” ಎಂದಳು ಮಾವಶಿ. “ಆದ್ರ ನಮ್ಮ ಮಹಾರಾಣಿಯರು ಗುರ್ತಿಲ್ಲದ ದಾರಿ ತುಳಿಯೂದಿಲ್ಲ. ಈಗಿಂದನ ರೂಢಿ ಮಾಡಸ್ಬೇಕ.”

ಮಳೆಗಾಲ ಇನ್ನೂ ದೂರವಿತ್ತು. ಬೆಳಿಗ್ಗೆ ಹಾಲು ಹಿಂಡಿದ ಮೇಲೆ ಎಮ್ಮೆಗಳನ್ನು ಕಾಲುವೆ ಏರಿಯ ಮೇಲೆ ಹೊಡೆದುಕೊಂಡು ಹೋಗಿಬರುವುದು ಶುರುವಾಯಿತು. ಮುಂದೆ ಗೊಣಗುತ್ತ ಕಾಕಾ, ಹಿಂದೆ ಬೈಯುತ್ತ ಮಾವಶಿ. ಮೊದಮೊದಲು ಎಮ್ಮೆಗಳು ಕವಲಿನಲ್ಲಿ ಕಾಲೂರಿ ನಿಂತುಬಿಡುತ್ತಿದ್ದವು.

ಮೊನ್ನೆ ನಾನೂ ಜೊತೆಗೆ ಹೋದೆ. ಕವಲು ಬಂದಾಗ ಕಾಕಾ ಬೀಡಿ ಹಚ್ಚಲೆಂದು ನಿಂತ. ಮುಂದಿನ ಎಮ್ಮೆ ಅವನಿಗಾಗಿ ಕಾಯಲಿಲ್ಲ. ಬಾಲ ಬೀಸುತ್ತ ತಾನೇ ಕಾಲುವೆ ಏರಿಯತ್ತ ತಿರುಗಿತು. ಉಳಿದವೂ ಅದರ ಹಿಂದೆ ಹತ್ತಿದವು.