ಖಾಲಿ ಬಿಟ್ಟ ಅಂಚು

ನಮ್ಮ ಪಕ್ಕದ ಮನೆಯವರು ಕೊಳ್ಳೇಗಾಲದ ರೇಷ್ಮೆ ಸೀರೆಗಳಿಗೆ ಕಂಪ್ಯೂಟರಿನಲ್ಲಿ ಡಿಸೈನ್ ಬರೆಯುತ್ತಿದ್ದರು. ಒಂಟಿ ಮನುಷ್ಯ. ಬೆಳಿಗ್ಗೆ ಸೈಕಲ್ ತುಳಿದು ಕೆರೆಗೆ ಹೋಗಿ, ಮೊಬೈಲಿನಲ್ಲಿ ಹಕ್ಕಿಗಳ ಫೋಟೊ ತೆಗೆದು, ಮನೆಗೆ ಬಂದು ಅವನ್ನು ಚುಕ್ಕಿ ಚುಕ್ಕಿಯಾಗಿ ಜರಿ ಅಂಚಿಗೆ ಇಳಿಸುತ್ತಿದ್ದರು. ಕಣ್ಣು ಕಿರಿದು ಮಾಡಿ, ಪರದೆಯ ಮೇಲಿನ ಕೊಕ್ಕನ್ನು ತೋರುಬೆರಳಿನಿಂದ ಸವರುವುದು ಅವರ ಅಭ್ಯಾಸ. ನಾನು ಕಾಫಿ ಲೋಟ ತುಂಬ ಸುರಿದರೂ "ಸುಮ್ನೆ ತುಂಬಬಾರ್ದು ಕಣ್ರಿ" ಎನ್ನುತ್ತಿದ್ದರು.

ಕೆರೆಯ ಒಂದು ಬದಿಗೆ ಲಾರಿಗಳು ಮಣ್ಣು ಸುರಿದ ವರ್ಷ ಬಣ್ಣದ ಕೊಕ್ಕರೆ ಬರಲಿಲ್ಲ. ಅವರು ಅಂಚಿನ ಸಾಲಿನಿಂದ ಅದನ್ನು ಅಳಿಸಿ, ಜಾಗವನ್ನು ಹಾಗೇ ಬಿಟ್ಟರು. ಸೀರೆ ಉಟ್ಟವರು ಯಾಕೆಂದು ಕೇಳಲಿ ಎಂಬುದು ಅವರ ಆಸೆ. ಕೇಳಿದ್ದು ಸೀರೆ ಮಾರುವ ಸಾಹುಕಾರರು ಮಾತ್ರ.

"ಡಿಸೈನ್ ಬಿಟ್ಟೋಗಿದ್ಯಲ್ರೀ, ಅಲ್ಲೊಂದು ಮಾವಿನಕಾಯಿ ಆಕ್ಬುಡಿ."

"ಅಲ್ಲಿ ಕೊಕ್ರೆ ಇತ್ತು, ಈಗ ಬರಾಕಿಲ್ಲ. ಸುಮ್ನೆ ತುಂಬಬಾರ್ದು ಕಣ್ರಿ."

ಆಮೇಲೆ ನೀರುಕಾಗೆ ಹೋಯಿತು, ಮಿಂಚುಳ್ಳಿ ಹೋಯಿತು. ಕೊನೆಗೆ ಉಳಿದಿದ್ದ ಬಾತುಕೋಳಿಯನ್ನೂ ಅವರು ಅಳಿಸಿದರು. ಆ ಸೀರೆ ಮಗ್ಗದಿಂದ ಇಳಿದಾಗ ಅಂಚಿನಲ್ಲಿ ಬರೀ ಜರಿ ಹೊಳೆಯುತ್ತಿತ್ತು. ಸಾಹುಕಾರರು ಅವರ ಮನೆಗೇ ಬಂದು, ಅದನ್ನು ತೊಡೆಯ ಮೇಲೆ ಹರಡಿಕೊಂಡು ಮುಖ ಅರಳಿಸಿದರು.

"ಈಗ ಲಕ್ಷಣವಾಗಿ ಅದೆ ನೋಡಿ. ಜನ ಪ್ಲೇನ್ ಅಂಚನ್ನೇ ಕೇಳ್ತಾವ್ರೆ. ಇನ್ನು ಇಂಥವೇ ಮಾಡ್ಕೊಡಿ."

ಪಕ್ಕದ ಮನೆಯವರ ಬೆರಳು ಖಾಲಿ ಪರದೆಯ ಮೇಲೆ, ಕೊಕ್ಕಿದ್ದ ಜಾಗವನ್ನು ಸವರುತ್ತಿತ್ತು.